ಗೋಡೆಯ ಮೇಲಿನ ಜೇಡ, ಮನದೊಳಗಿನ ಅಂಜಿಕೆ

ಹಾವಿಗೆ ಅಂಜುವವರನ್ನು ಕಂಡು ನಾವು ನಗುವುದಿಲ್ಲ. ನಾಯಿಗೆ ಅಂಜುವವರ ಬಗ್ಗೆಯೂ ಒಂದಿಷ್ಟು ಕನಿಕರ ತೋರುತ್ತೇವೆ. ಆದರೆ ಜೇಡರ ಹುಳುವಿಗೆ ಅಂಜುವವರನ್ನು ಕಂಡರೆ ಮಾತ್ರ ಮನೆಮಂದಿಯೆಲ್ಲ ಸೇರಿ ನಗುತ್ತೇವೆ. "ಇಷ್ಟು ದೊಡ್ಡವಳಾಗಿ ಅಷ್ಟು ಸಣ್ಣ ಹುಳಕ್ಕೆ ಹೆದರ್ತೀಯಲ್ಲೇ!" ಎಂದು ಗೇಲಿ ಮಾಡುತ್ತೇವೆ. ಹೀಗೆ ನಗೆಪಾಟಲಿಗೀಡಾದವರು ತಮ್ಮ ಅಂಜಿಕೆಯನ್ನು ಯಾರಿಗೂ ಹೇಳದೆ ಒಳಗೇ ಬಚ್ಚಿಟ್ಟುಕೊಳ್ಳುತ್ತಾರೆ. ಅಂಥವರು ನಮ್ಮ ನೆರೆಹೊರೆಯಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ, ಒಮ್ಮೊಮ್ಮೆ ನಮ್ಮ ಮನೆಯಲ್ಲೇ ಇರುತ್ತಾರೆ.

ಅವರ ಪಾಡನ್ನು ಸ್ವಲ್ಪ ಯೋಚಿಸಿ ನೋಡಿ. ರಾತ್ರಿ ಹಿತ್ತಲಿನ ಬಚ್ಚಲಿಗೆ ಹೋಗಬೇಕಾದರೆ ಜೊತೆಗೊಬ್ಬರು ಬೇಕು. ಸೌದೆ ಕೊಟ್ಟಿಗೆಗೆ ಕೈಹಾಕಲು ಆಗದು. ಹೊಸದಾಗಿ ಮದುವೆಯಾಗಿ ಹೆಂಚಿನ ಹಳೆಯ ಮನೆಗೆ ಬಂದ ಸೊಸೆ, ಮೂಲೆಯ ಕೋಣೆಯ ಕೆಲಸವನ್ನು ಏನಾದರೊಂದು ನೆಪ ಹೇಳಿ ತಪ್ಪಿಸುತ್ತಾಳೆ. ಅವಳನ್ನು ಸೋಮಾರಿ ಎಂದು ಅತ್ತೆ ತಿಳಿಯುತ್ತಾರೆ. ಹಾಸ್ಟೆಲಿನಲ್ಲಿರುವ ಹುಡುಗ ನಿದ್ದೆಗೆಟ್ಟು ತಾರಸಿಯನ್ನೇ ನೋಡುತ್ತಾ ಮಲಗಿರುತ್ತಾನೆ. ಸ್ಕೂಟರ್ ಓಡಿಸುವಾಗ ಹೆಲ್ಮೆಟ್ಟಿನೊಳಗಿಂದ ಜೇಡ ಇಳಿದರೆ ಕೈ ತಪ್ಪಿ ಅಪಘಾತವೇ ಆದೀತು. ಆದುದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಅಂಜಿಕೆ ಏಕೆ ಬರುತ್ತದೆ, ಅದನ್ನು ಮನೆಯಲ್ಲೇ ಹೇಗೆ ಎದುರಿಸಬಹುದು ಎಂಬುದನ್ನು ಈ ವಾರ ಅರಿಯೋಣ.

ಅಂಜಿಕೆಯ ಬೇರು ಎಲ್ಲಿದೆ?

ಭಯ ದೇವರು ನಮಗಿತ್ತ ಒಂದು ಕಾವಲು. ಅಪಾಯ ಕಂಡೊಡನೆ ಎದೆ ಬಡಿತ ಏರುತ್ತದೆ, ಉಸಿರು ವೇಗವಾಗುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುತ್ತದೆ. ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಸಣ್ಣ ಭಾಗಕ್ಕೆ ಈ ಕೆಲಸದಲ್ಲಿ ಮುಖ್ಯ ಪಾತ್ರವಿದೆ. ನಾವು ಯೋಚಿಸುವುದಕ್ಕೆ ಮೊದಲೇ ಅದು ಎಚ್ಚರಿಕೆಯ ಗಂಟೆ ಬಾರಿಸಿಬಿಡುತ್ತದೆ. ಆದ್ದರಿಂದಲೇ "ಅದು ಏನೂ ಮಾಡಲ್ಲ" ಎಂದು ಬುದ್ಧಿಗೆ ಗೊತ್ತಿದ್ದರೂ ಕಾಲು ನಡುಗುವುದು ನಿಲ್ಲುವುದಿಲ್ಲ.

ಜೇಡದ ವಿಷಯದಲ್ಲಿ ಈ ಗಂಟೆ ಬೇಗ ಬಾರಿಸಲು ಕೆಲವು ಕಾರಣಗಳಿವೆ. ಅದು ಸದ್ದಿಲ್ಲದೆ ಬರುತ್ತದೆ, ಫಕ್ಕನೆ ಓಡುತ್ತದೆ, ಯಾವ ಕಡೆಗೆ ತಿರುಗುತ್ತದೆಂದು ಹೇಳಲಾಗದು. 2017ರಲ್ಲಿ ಜರ್ಮನಿ ಮತ್ತು ಸ್ವೀಡನ್ನಿನ ಸಂಶೋಧಕರು ಆರು ತಿಂಗಳ ಹಸುಗೂಸುಗಳಿಗೆ ಜೇಡ ಮತ್ತು ಹಾವಿನ ಚಿತ್ರಗಳನ್ನೂ ಹೂವು ಮತ್ತು ಮೀನಿನ ಚಿತ್ರಗಳನ್ನೂ ತೋರಿಸಿದರು. ಜೇಡ, ಹಾವುಗಳನ್ನು ಕಂಡಾಗ ಕೂಸುಗಳ ಕಣ್ಣಿನ ಪಾಪೆ ಹೆಚ್ಚು ಅಗಲವಾಯಿತು. ಅಂದರೆ ಆ ರೂಪಗಳನ್ನು ಕಂಡು ಎಚ್ಚರಗೊಳ್ಳುವ ಗುಣ ಹುಟ್ಟಿನಿಂದಲೇ ನಮ್ಮಲ್ಲಿ ಇರಬಹುದು.

ಆದರೆ ಎಚ್ಚರ ಬೇರೆ, ಅಂಜಿಕೆಯ ರೋಗ ಬೇರೆ. ಎಚ್ಚರವನ್ನು ಅಂಜಿಕೆಯಾಗಿ ಬೆಳೆಸುವುದರಲ್ಲಿ ಮನೆಯ ಪಾಲು ದೊಡ್ಡದು. ತಾಯಿ ಕಿರುಚಿ ಮಂಚ ಏರಿದ್ದನ್ನು ಮೂರು ವರ್ಷದ ಮಗು ನೋಡಿದರೆ ಅದಕ್ಕೆ ಬೇರೆ ಪಾಠವೇ ಬೇಕಿಲ್ಲ. "ಊಟ ಮಾಡದಿದ್ದರೆ ಜೇಡ ಬಿಡ್ತೀನಿ" ಎಂದು ಹೆದರಿಸುವುದೂ ಅಣ್ಣಂದಿರು ತಮಾಷೆಗೆಂದು ತಂಗಿಯ ಮೇಲೆ ಎಸೆಯುವುದೂ ಇದೇ ಪಾಠವನ್ನು ಕಲಿಸುತ್ತವೆ. ಇಂಥ ಅಂಜಿಕೆಗಳು ಹೆಚ್ಚಾಗಿ ಮೊಳೆಯುವುದು ಬಾಲ್ಯದಲ್ಲೇ.

ಮೊಳೆತ ಅಂಜಿಕೆಯನ್ನು ಬೆಳೆಸುವುದು ಮತ್ತೊಂದು. ಅದೇ ತಪ್ಪಿಸಿಕೊಳ್ಳುವಿಕೆ. ಜೇಡ ಕಂಡಿತು, ಓಡಿದೆವು, ಎದೆ ಹಗುರಾಯಿತು. ಆ ಹಗುರವೇ ಮನಸ್ಸಿಗೆ ಬಹುಮಾನ. "ಓಡಿದ್ದರಿಂದಲೇ ಉಳಿದೆ" ಎಂದು ಮನಸ್ಸು ಬರೆದುಕೊಳ್ಳುತ್ತದೆ. ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಮುಂದಿನ ಸಲ ಇನ್ನೂ ಬೇಗ ಓಡುತ್ತೇವೆ. ಹೀಗೆ ಒಂದು ಮೂಲೆಗೆ ಅಂಜಿದವರು ಮುಂದೆ ಇಡೀ ಕೋಣೆಗೇ ಅಂಜುವಂತಾಗುತ್ತದೆ.

ನಮ್ಮ ಮನೆಯ ಜೇಡಗಳ ಪರಿಚಯ

ಗೊತ್ತಿಲ್ಲದ್ದಕ್ಕೆ ಭಯ ಹೆಚ್ಚು. ಆದುದರಿಂದ ಮೊದಲು ಪರಿಚಯ ಮಾಡಿಕೊಳ್ಳೋಣ. ಜೇಡ ಕೀಟವಲ್ಲ. ಕೀಟಗಳಿಗೆ ಆರು ಕಾಲು, ಜೇಡಕ್ಕೆ ಎಂಟು. ವಿಜ್ಞಾನಿಗಳು ಹೆಸರಿಟ್ಟು ದಾಖಲಿಸಿದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಹೆಚ್ಚುಕಡಿಮೆ ಎಲ್ಲಕ್ಕೂ ವಿಷವಿದೆ, ನಿಜ. ಆದರೆ ಅದು ನೊಣ, ಸೊಳ್ಳೆಗಳನ್ನು ಕೊಲ್ಲಲು ಇರುವ ವಿಷ. ಮನುಷ್ಯನಿಗೆ ಅಪಾಯ ತರಬಲ್ಲವು ಬೆರಳೆಣಿಕೆಯಷ್ಟು ಮಾತ್ರ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವವು ಮೂರು ಬಗೆ.

ಮೊದಲನೆಯದು, ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಚಪ್ಪಟೆಯಾಗಿ ಕೂರುವ ಕಂದು ಬಣ್ಣದ ದೊಡ್ಡ ಜೇಡ. ಬಹಳ ಮಂದಿ ಹೆದರುವುದು ಇದಕ್ಕೇ. ಇದು ಬಲೆ ನೇಯುವುದಿಲ್ಲ. ರಾತ್ರಿ ಹೊತ್ತು ಜಿರಳೆಗಳನ್ನು ಬೇಟೆಯಾಡುತ್ತದೆ. ಕೆಲವೊಮ್ಮೆ ಅದರ ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆಯೊಂದು ಕಾಣುತ್ತದೆ. ಅದು ವಿಷದ ಚೀಲವಲ್ಲ, ಮೊಟ್ಟೆಯ ಚೀಲ. ತಾಯಿ ಜೇಡ ಅದನ್ನು ಹೊತ್ತುಕೊಂಡೇ ತಿರುಗುತ್ತದೆ. ನಮ್ಮನ್ನು ಕಂಡರೆ ಬಾಗಿಲ ಸಂದಿಗೋ ಚಿತ್ರಪಟದ ಹಿಂದಕ್ಕೋ ಓಡುತ್ತದೆ. ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚೀತು, ನೋವಾದೀತು, ಪ್ರಾಣಾಪಾಯವಿಲ್ಲ.

ಎರಡನೆಯದು, ಮೂಲೆಗಳಲ್ಲಿ ಅಸ್ತವ್ಯಸ್ತ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ, ಕೂದಲಿನಂಥ ಉದ್ದ ಕಾಲಿನ ಜೇಡ. ಮುಟ್ಟಿದರೆ ಗಡಗಡನೆ ಅಲುಗುತ್ತದೆ. ಅದು ಕೋಪದಿಂದಲ್ಲ, ಹೆದರಿಕೆಯಿಂದ. ಇದರ ಬಲೆಗೆ ಬೀಳುವುದರಲ್ಲಿ ಸೊಳ್ಳೆಗಳೂ ಸೇರಿವೆ. ಬಲೆಯಲ್ಲಿ ಸತ್ತಂತೆ ತೂಗುವ ಒಣ ಜೇಡಗಳು ಎಷ್ಟೋ ಸಲ ಜೇಡಗಳೇ ಅಲ್ಲ. ಬೆಳೆಯುವಾಗ ಅದು ಕಳಚಿಹಾಕಿದ ಪೊರೆ.

ಮೂರನೆಯದು, ಹಗಲಿನಲ್ಲೇ ಕಿಟಕಿಯ ಬಳಿ ಕುಪ್ಪಳಿಸುತ್ತಾ ನೊಣ ಹಿಡಿಯುವ ಪುಟ್ಟ ಜೇಡ. ಎದುರಿಗೆ ಎರಡು ದೊಡ್ಡ ಕಣ್ಣು. ನಾವು ಬೆರಳು ಆಡಿಸಿದರೆ ತಿರುಗಿ ನೋಡುತ್ತದೆ. ಅಂಜಿಕೆ ಬಿಡಿಸಿಕೊಳ್ಳಲು ಬಯಸುವವರಿಗೆ ಇದೇ ಒಳ್ಳೆಯ ಮೊದಲ ಗೆಳೆಯ.

ಪಶ್ಚಿಮ ಘಟ್ಟದ ಸೀಮೆಯಲ್ಲಿ ಮರದ ಪೊಟರೆ, ಹಳೆಯ ಗೋಡೆಯ ಬಿರುಕುಗಳಲ್ಲಿ ರೋಮಭರಿತವಾದ ದೊಡ್ಡ ಜೇಡಗಳಿವೆ. ಅವು ಕಚ್ಚಿದರೆ ತೀವ್ರ ನೋವು, ಸ್ನಾಯು ಸೆಳೆತ ಬರಬಹುದು. ಅವನ್ನು ಕೆಣಕದೆ ದೂರವಿರುವುದೇ ಲೇಸು. ಯಾವುದೇ ಜೇಡ ಕಚ್ಚಿದರೂ ಆ ಜಾಗವನ್ನು ಸೋಪು ನೀರಿನಿಂದ ತೊಳೆದು ತಣ್ಣನೆಯ ಬಟ್ಟೆ ಇಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ನೋವು ಹರಡುತ್ತಾ ಹೋದರೆ, ಬೆವರು, ವಾಂತಿ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

"ಜೇಡ ಹರಿದಿದೆ" ಎಂಬ ಮಾತು

ಚರ್ಮದ ಮೇಲೆ ಉರಿಯುವ ಗುಳ್ಳೆ ಎದ್ದರೆ "ಜೇಡ ಹರಿದಿದೆ", "ಜೇಡ ಉಚ್ಚೆ ಹೊಯ್ದಿದೆ" ಎನ್ನುವ ರೂಢಿ ನಮ್ಮಲ್ಲಿದೆ. ಪಾಪ, ಜೇಡ ನಿರಪರಾಧಿ. ಇಂಥ ಗುಳ್ಳೆಗಳಿಗೆ ಹೆಚ್ಚಾಗಿ ಎರಡು ಕಾರಣ. ಒಂದು, ಮಳೆಗಾಲದಲ್ಲಿ ದೀಪದ ಬೆಳಕಿಗೆ ಬರುವ, ಇರುವೆಯಂತೆ ಕಾಣುವ, ಕೆಂಪು ಕಪ್ಪು ಪಟ್ಟೆಗಳ ಒಂದು ಸಣ್ಣ ಹುಳು. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಹರಿದಾಗ ನಾವು ಹೊಸಕಿಬಿಟ್ಟರೆ ಅದರ ಮೈಯೊಳಗಿನ ಪೆಡೆರಿನ್ ಎಂಬ ರಸ ಚರ್ಮಕ್ಕೆ ತಾಗಿ, ಮರುದಿನದ ಹೊತ್ತಿಗೆ ಸುಟ್ಟಂತೆ ಗೆರೆ ಏಳುತ್ತದೆ. ಆದುದರಿಂದ ಅಂಥ ಹುಳು ಮೈಮೇಲೆ ಕಂಡರೆ ಹೊಸಕದೆ ಊದಿ ಅಥವಾ ಕಾಗದದಿಂದ ಸರಿಸಿ, ಆ ಜಾಗವನ್ನು ಸೋಪಿನಿಂದ ತೊಳೆಯಿರಿ.

ಇನ್ನೊಂದು ಕಾರಣ ಸರ್ಪಸುತ್ತು. ಹಿಂದೆ ಸಿಡುಬಿನಂತೆ ಬಂದುಹೋದ ಚಿಕನ್‌ಪಾಕ್ಸ್ ರೋಗದ ವೈರಸ್ ನರಗಳಲ್ಲಿ ಅಡಗಿದ್ದು ವರ್ಷಗಳ ಮೇಲೆ ಮೈಯ ಒಂದೇ ಬದಿಯಲ್ಲಿ ಗುಳ್ಳೆಗಳಾಗಿ ಏಳುತ್ತದೆ. ಇದಕ್ಕೆ ಔಷಧಿಯಿದೆ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಗುಣ. "ಜೇಡ ಹರಿದಿದೆ" ಎಂದು ಮಂತ್ರ ಹಾಕಿಸುತ್ತಾ, ಸೊಪ್ಪಿನ ರಸ ಹಚ್ಚುತ್ತಾ ನಾಲ್ಕು ದಿನ ಕಳೆದರೆ ಆ ಬೆಲೆಬಾಳುವ ಸಮಯ ಕೈತಪ್ಪುತ್ತದೆ. ಗುಳ್ಳೆ ಕಣ್ಣಿನ ಬಳಿ ಎದ್ದರಂತೂ ಅದೇ ದಿನ ವೈದ್ಯರನ್ನು ಕಾಣಬೇಕು. ತಪ್ಪು ನಂಬಿಕೆಯಿಂದ ಹೀಗೆ ಎರಡು ಕೇಡು: ಜೇಡದ ಭಯವೂ ಉಳಿಯುತ್ತದೆ, ರೋಗವೂ ಉಳಿಯುತ್ತದೆ.

ಮೆಟ್ಟಿಲು ಮೆಟ್ಟಿಲಾಗಿ

ಅಂಜಿಕೆ ಕಲಿತದ್ದಾದರೆ ಅದನ್ನು ಮರಳಿ ಬಿಡಿಸಲೂ ಬರುತ್ತದೆ. 1924ರಲ್ಲೇ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಇದನ್ನು ತೋರಿಸಿಕೊಟ್ಟರು. ಮೊಲಕ್ಕೆ ಅಂಜುತ್ತಿದ್ದ ಪುಟ್ಟ ಬಾಲಕನೊಬ್ಬ ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಮೊದಲು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿದ. ಇಂದಿಗೂ ವೈದ್ಯರು ಅನುಸರಿಸುವ ದಾರಿಯ ತಿರುಳು ಇದೇ: ಸ್ವಲ್ಪ ಸ್ವಲ್ಪವಾಗಿ ಹತ್ತಿರವಾಗುವುದು. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ಎಂಬ ಮನೋವಿಜ್ಞಾನಿ 1989ರಲ್ಲಿ ಇದನ್ನೇ ಗರಿಷ್ಠ ಮೂರು ಗಂಟೆಗಳ ಒಂದೇ ಚಿಕಿತ್ಸೆಯಾಗಿ ರೂಪಿಸಿ ಪ್ರಕಟಿಸಿದರು.

ಅಂಜಿಕೆ ಸಾಧಾರಣ ಮಟ್ಟದ್ದಾದರೆ ಮನೆಯಲ್ಲೇ ಹೀಗೆ ಪ್ರಯತ್ನಿಸಬಹುದು. ಅಂಜಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಳ್ಳಿ. ಸೊನ್ನೆ ಎಂದರೆ ನಿರಾಳ, ಹತ್ತು ಎಂದರೆ ತಾಳಲಾರದ ಭಯ. ಮೊದಲ ಮೆಟ್ಟಿಲು ಮೂರು ಅಂಕದಷ್ಟಿರಲಿ.

1. ಕಾಗದದ ಮೇಲೆ ಜೇಡದ ಚಿತ್ರವನ್ನು ನೀವೇ ಬಿಡಿಸಿ. ಗೋಡೆಗೆ ಅಂಟಿಸಿ.

2. ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಜೇಡದ ಫೋಟೋ ನೋಡಿ. ಅದರ ಮೇಲೆ ಬೆರಳಿಡಿ.

3. ಖಾಲಿ ಬಲೆಯೊಂದನ್ನು ಕೋಲಿನಿಂದ ತೆಗೆಯಿರಿ.

4. ಮೂಲೆಯ ಉದ್ದಕಾಲಿನ ಜೇಡವನ್ನು ಹತ್ತು ಅಡಿ ದೂರದಿಂದ ನೋಡುತ್ತಾ ನಿಲ್ಲಿ. ಮರುದಿನ ಎಂಟು ಅಡಿ, ಬಳಿಕ ಐದು ಅಡಿ.

5. ಮನೆಯವರೊಬ್ಬರು ಪುಟ್ಟ ಕುಪ್ಪಳಿಸುವ ಜೇಡವನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಹಿಡಿದಿಡಲಿ. ಡಬ್ಬಿ ಮೇಜಿನ ಮೇಲಿರಲಿ. ನಂತರ ನಿಮ್ಮ ಕೈಯಲ್ಲಿರಲಿ. ಆಮೇಲೆ ನೀವೇ ಹಿತ್ತಲಲ್ಲಿ ಬಿಟ್ಟುಬನ್ನಿ.

6. ಗೋಡೆಯ ಮೇಲಿನ ಜೇಡಕ್ಕೆ ಅಗಲ ಬಾಯಿಯ ಡಬ್ಬಿಯನ್ನು ನಿಧಾನವಾಗಿ ಕವುಚಿ, ಅಡಿಯಲ್ಲಿ ಗಟ್ಟಿ ರಟ್ಟು ಜಾರಿಸಿ, ಹೊರಗೆ ಕೊಂಡೊಯ್ದು ಬಿಡಿ. ಕಾಲುಗಳು ಸಿಕ್ಕಿಕೊಳ್ಳದಂತೆ ಡಬ್ಬಿ ದೊಡ್ಡದಿರಲಿ.

ಇಲ್ಲಿ ಒಂದು ಮುಖ್ಯ ನಿಯಮವಿದೆ. ಭಯ ಏರಿದಾಗ ಓಡಬೇಡಿ; ಅಲ್ಲೇ ನಿಲ್ಲಿ. ಏರಿದ ಭಯ ಅಲೆಯಂತೆ, ತಾನಾಗಿಯೇ ಇಳಿಯುತ್ತದೆ. ಏಳು ಅಂಕ ನಾಲ್ಕಕ್ಕೆ, ಮೂರಕ್ಕೆ ಇಳಿಯುವತನಕ ಆ ಮೆಟ್ಟಿಲಲ್ಲೇ ಇರಿ. ಮೂಗಿನಿಂದ ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡಿ. ಒಂದೇ ಮೆಟ್ಟಿಲನ್ನು ಎರಡು ಮೂರು ದಿನ ಮಾಡಿ, ಬೇಸರ ಬಂದ ಮೇಲೆ ಮುಂದಿನದಕ್ಕೆ ಹೋಗಿ. ಬೇಸರ ಬಂತೆಂದರೆ ಅಂಜಿಕೆ ಹೋಯಿತೆಂದೇ ಅರ್ಥ! ಒಂದು ದಿನ ಹಿಂದೆ ಜಾರಿದರೆ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಿ.

ಇದೇ ವೇಳೆ ಮನೆಯನ್ನೂ ಅಚ್ಚುಕಟ್ಟಾಗಿಡಿ. ವಾರಕ್ಕೊಮ್ಮೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆಗಳ ಬಲೆ ತೆಗೆಯಿರಿ. ಕಿಟಕಿಗೆ ಸೊಳ್ಳೆಪರದೆ ಹಾಕಿಸಿ. ರಾತ್ರಿಯಿಡೀ ಹೊರಗಿನ ದೀಪ ಉರಿಸಿದರೆ ಹುಳಗಳು ಬರುತ್ತವೆ. ಹುಳಗಳ ಹಿಂದೆ ಜೇಡ ಬರುತ್ತದೆ. ಶೂ, ಹೆಲ್ಮೆಟ್, ಒಗೆದು ಒಣಹಾಕಿದ ಬಟ್ಟೆಯನ್ನು ಕೊಡವಿ ಧರಿಸಿ. ಕ್ರಿಸ್ತಜಯಂತಿಯ ಗೋದಲಿಯ ಸಾಮಾನನ್ನು ರಟ್ಟಿನ ಪೆಟ್ಟಿಗೆಯ ಬದಲು ಮುಚ್ಚಳವಿರುವ ಡಬ್ಬದಲ್ಲಿಟ್ಟು ಅಟ್ಟಕ್ಕೇರಿಸಿದರೆ ಡಿಸೆಂಬರಿನಲ್ಲಿ ಇಳಿಸುವಾಗ ಗಾಬರಿಯಿಲ್ಲ. ಜೇಡ ಕಂಡಾಗಲೆಲ್ಲ ಕೀಟನಾಶಕ ಸಿಂಪಡಿಸುವುದು ಮಾತ್ರ ಬೇಡ. ಆ ಗಾಳಿಯನ್ನು ಉಸಿರಾಡುವವರು ನಮ್ಮ ಮಕ್ಕಳೇ. ಶುಚಿತ್ವ ಒಳ್ಳೆಯದು, ಆದರೆ ಮಲಗುವ ಮುನ್ನ ಹತ್ತು ಸಲ ಹಾಸಿಗೆ ಕೊಡವುವುದು ಶುಚಿತ್ವವಲ್ಲ, ಅಂಜಿಕೆಯ ಊಳಿಗ.

ಮನೆಯವರ ಪಾಲು

ಅಂಜುವವರ ಜೊತೆಯಲ್ಲಿ ಇರುವವರಿಗೆ ಮೂರು ಮಾತು. ಮೊದಲನೆಯದು, ನಗಬೇಡಿ. ಎರಡನೆಯದು, ಬಲವಂತ ಮಾಡಬೇಡಿ. "ಒಮ್ಮೆ ಕೈಮೇಲೆ ಬಿಟ್ಟರೆ ಸರಿಹೋಗುತ್ತಾಳೆ" ಎಂದು ಜೇಡವನ್ನು ಹಿಡಿದು ತರುವ ಗಂಡ ಅಂಜಿಕೆಯ ಜೊತೆಗೆ ಅಪನಂಬಿಕೆಯನ್ನೂ ತರುತ್ತಾನೆ. ಮೂರನೆಯದು, ಪ್ರತಿಸಲ ಓಡಿಬಂದು ನೀವೇ ತೆಗೆದುಹಾಕಬೇಡಿ. ಅದು ಪ್ರೀತಿಯೆಂದು ಕಂಡರೂ ಅಂಜಿಕೆಗೇ ನೀರೆರೆದಂತೆ. ಪಕ್ಕದಲ್ಲಿ ನಿಲ್ಲಿ, ಡಬ್ಬಿಯನ್ನು ಅವರ ಕೈಯಲ್ಲೇ ಕೊಡಿ.

ಮಕ್ಕಳ ಜೊತೆ ಮಾತು ಹೀಗಿರಲಿ:

"ಅಮ್ಮಾ, ಅಲ್ಲಿ ಜೇಡ!"

"ಹೌದು ಪುಟ್ಟಾ, ನಾನೂ ನೋಡಿದೆ. ಭಯ ಆಯ್ತಾ?"

"ಹೂಂ."

"ಆಗಲಿ, ಪರವಾಗಿಲ್ಲ. ಬಾ, ಇಲ್ಲೇ ನಿಂತು ನೋಡೋಣ. ಕಾಲು ಎಣಿಸ್ತೀಯಾ? ಎಷ್ಟಿದೆ ಹೇಳು."

ಇಲ್ಲಿ ತಾಯಿ ಭಯವನ್ನು ಅಲ್ಲಗಳೆಯಲಿಲ್ಲ, ಅದಕ್ಕೆ ಮಣಿಯಲೂ ಇಲ್ಲ. ತಾಯಿಗೇ ಅಂಜಿಕೆಯಿದ್ದರೆ? "ಅಮ್ಮನಿಗೂ ಸ್ವಲ್ಪ ಭಯ, ಆದರೆ ಕಲಿಯುತ್ತಿದ್ದೇನೆ" ಎಂದು ನಿಜವನ್ನೇ ಹೇಳಲಿ. ಭಯವಿದ್ದೂ ನಿಲ್ಲುವ ತಾಯಿಯನ್ನು ಕಂಡ ಮಗು ಧೈರ್ಯವೆಂದರೇನೆಂದು ಕಲಿಯುತ್ತದೆ.

ಅಂಜಿಕೆ ಪಾಪವೇ?

ಕೆಲವರು ತಮ್ಮ ಅಂಜಿಕೆಯನ್ನು ವಿಶ್ವಾಸದ ಕೊರತೆಯೆಂದು ತಿಳಿದು ನೊಂದುಕೊಳ್ಳುತ್ತಾರೆ. ಇನ್ನು ಕೆಲವರು ಯಾರೋ ಮಾಟ ಮಾಡಿಸಿದ್ದಾರೆಂದು ಅಂಜುತ್ತಾರೆ. ಎರಡೂ ಸರಿಯಲ್ಲ. ನಾವು ಬಯಸದೆ, ನಮ್ಮ ಒಪ್ಪಿಗೆಯಿಲ್ಲದೆ ಮೈಯಲ್ಲಿ ಏಳುವ ನಡುಕ ಪಾಪವಲ್ಲ. ಅದಕ್ಕೆ ಪಾಪನಿವೇದನೆ ಬೇಕಿಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿಯೇ ಕಳವಳದಿಂದ ಪ್ರಾರ್ಥಿಸಿದರು. ಶಿಷ್ಯರು ತಮ್ಮೊಡನೆ ಎಚ್ಚರವಾಗಿರಲಿ ಎಂದು ಬಯಸಿದರು. ಅಂಜುವವರಿಗೆ ಬೇಕಾದುದೂ ಅದೇ, ಜೊತೆಗೊಬ್ಬರು.

ನಮ್ಮ ಸಂತರ ಕಥೆಗಳಲ್ಲಿ ಜೇಡವೂ ಇದೆ. ಮೂರನೆಯ ಶತಮಾನದಲ್ಲಿ ಇಟಲಿಯ ನೋಲಾ ಎಂಬ ಊರಿನ ಗುರು ಸಂತ ಫೆಲಿಕ್ಸ್ ಹಿಂಸಕರಿಂದ ತಪ್ಪಿಸಿಕೊಂಡು ಪಾಳುಗೋಡೆಯ ಸಂದಿಯಲ್ಲಿ ಅಡಗಿದಾಗ ಜೇಡವೊಂದು ಅಲ್ಲಿ ಬಲೆ ನೇಯ್ದಿತಂತೆ. ಬಲೆ ಹರಿಯದಿರುವುದನ್ನು ಕಂಡ ಸೈನಿಕರು ಒಳಗೆ ಯಾರೂ ಇಲ್ಲವೆಂದು ಮುಂದೆ ಹೋದರಂತೆ. ಜನವರಿ 14 ಅವರ ಹಬ್ಬ. 975ರಲ್ಲಿ ತೀರಿಕೊಂಡ ಕಾನ್‌ಸ್ಟನ್ಸ್ ಪಟ್ಟಣದ ಧರ್ಮಾಧ್ಯಕ್ಷ ಸಂತ ಕಾನ್ರಾಡರ ಚಿತ್ರದಲ್ಲಿ ಪೂಜಾಪಾತ್ರೆಯ ಜೊತೆ ಜೇಡವೊಂದಿರುತ್ತದೆ. ಪಾಸ್ಕ ಹಬ್ಬದ ಬಲಿಪೂಜೆಯಲ್ಲಿ ಪಾತ್ರೆಗೆ ಜೇಡ ಬಿತ್ತು, ಅದು ಘೋರ ವಿಷವೆಂದು ಆಗಿನ ಜನರ ನಂಬಿಕೆ; ಆದರೂ ಅವರು ಭಕ್ತಿಯಿಂದ ಸೇವಿಸಿದರು, ಏನೂ ಆಗಲಿಲ್ಲ ಎನ್ನುತ್ತದೆ ಐತಿಹ್ಯ. ಉಕ್ರೇನಿನ ಕ್ರೈಸ್ತರಂತೂ ಕ್ರಿಸ್ತಜಯಂತಿಯ ಮರಕ್ಕೆ ಜೇಡ ಮತ್ತು ಬಲೆಯ ಅಲಂಕಾರವನ್ನೇ ತೂಗುಹಾಕುತ್ತಾರೆ. ನಮ್ಮ ಕನ್ನಡದಲ್ಲೂ ಜೇಡ ಎಂದರೆ ನೇಕಾರ ಎಂಬ ಅರ್ಥವಿದೆ. ವಚನಕಾರ ಜೇಡರ ದಾಸಿಮಯ್ಯನ ಹೆಸರೇ ಅದಕ್ಕೆ ಸಾಕ್ಷಿ.

ಪ್ರಾರ್ಥನೆ ಮೆಟ್ಟಿಲು ಹತ್ತಲು ಬಲ ಕೊಡಲಿ. ಆದರೆ ಜಪಸರ ಹಿಡಿದು ಕೋಣೆಯಿಂದ ಓಡಿಹೋದರೆ ಅಂಜಿಕೆ ಅಲ್ಲೇ ಉಳಿಯುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಅಂಜಿಕೆ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದು, ನಿದ್ದೆ, ಓದು, ಮನೆಗೆಲಸ, ಉದ್ಯೋಗಕ್ಕೆ ಅಡ್ಡಿಯಾಗುತ್ತಿದ್ದರೆ, ಮೊದಲ ಮೆಟ್ಟಿಲನ್ನೇ ಹತ್ತಲಾಗದಿದ್ದರೆ ಮನೋವೈದ್ಯರ ಅಥವಾ ಮನೋಚಿಕಿತ್ಸಕರ ಸಹಾಯ ಪಡೆಯಿರಿ. ಅಲ್ಲಿಗೆ ಹೋದವರೆಲ್ಲ ಹುಚ್ಚರು ಎಂಬ ಮಾತಿಗೆ ಕಿವಿಗೊಡಬೇಡಿ. ಮನಸ್ಸಿನ ಕಾಯಿಲೆಗಳ ಪೈಕಿ ಬಲು ಚೆನ್ನಾಗಿ ಗುಣವಾಗುವವುಗಳಲ್ಲಿ ಇದೂ ಒಂದು. ಹೆಚ್ಚಿನವರಿಗೆ ಮಾತ್ರೆಯೂ ಬೇಕಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮನೆಮಂದಿ ಕೂಡಿ ಚಿಂತಿಸಲು

1. ನಮ್ಮ ಮನೆಯಲ್ಲಿ ಯಾರಿಗೆ ಯಾವುದರ ಅಂಜಿಕೆಯಿದೆ? ಅವರು ಅದನ್ನು ಹೇಳಿದಾಗ ನಾವು ಹೇಗೆ ನಡೆದುಕೊಂಡೆವು?

2. ಮಕ್ಕಳನ್ನು ಊಟ, ಓದು, ನಿದ್ದೆಗಾಗಿ ಯಾವುದನ್ನು ತೋರಿಸಿ ಹೆದರಿಸುತ್ತೇವೆ? ಅದನ್ನು ಇಂದೇ ಬಿಡಬಹುದೇ?

3. ಅಂಜುವವರ ಕೆಲಸವನ್ನು ನಾವೇ ಮಾಡಿಕೊಡುತ್ತಿದ್ದೇವೆಯೇ, ಇಲ್ಲವೇ ಪಕ್ಕದಲ್ಲಿ ನಿಲ್ಲುತ್ತಿದ್ದೇವೆಯೇ?

ಈ ವಾರದ ಅಭ್ಯಾಸ: ಮನೆಯ ಮೂಲೆಯಲ್ಲಿರುವ ಒಂದು ಜೇಡವನ್ನು ಎಲ್ಲರೂ ಸೇರಿ, ದೂರದಿಂದಲೇ ಸರಿ, ಐದು ನಿಮಿಷ ನೋಡಿ. ಅದು ಏನು ಮಾಡುತ್ತದೆಂದು ಒಬ್ಬರಿಗೊಬ್ಬರು ಹೇಳಿ. ಅಂಜುವವರು ಎಷ್ಟು ದೂರ ನಿಲ್ಲಬೇಕೆಂಬುದನ್ನು ಅವರೇ ತೀರ್ಮಾನಿಸಲಿ. ಮುಂದಿನ ಶನಿವಾರ ಒಂದು ಹೆಜ್ಜೆ ಹತ್ತಿರ ಬರಲಿ.